ಕಣ್ಣಿಟ್ಟರೆ ಮಾತ್ರ ನಡೆಯುವ ಕೈ

ನನಗೆ ಮಲ್ಟಿಪಲ್ ಸ್ಕ್ಲೆರೋಸಿಸ್ (ಮಿದುಳು, ಬೆನ್ನುಹುರಿಗಳ ನರಗಳನ್ನು ಕಾಡುವ ಕಾಯಿಲೆ) ಇದೆ ಎಂದ ಕೂಡಲೇ ಎಲ್ಲರೂ ಕೇಳುವುದು, ‘ಓಡಾಡುತ್ತೀರಾ?’ ಎಂದು. ಓಡಾಡುತ್ತೇನೆ. ನನ್ನನ್ನು ಕಾಡುವುದು ಬಲಗೈ. ಕಾಯಿಲೆಯ ತೀವ್ರತೆಯನ್ನು ಗುರುತಿಸಲು ವೈದ್ಯರು ಬಳಸುವ, ಸೊನ್ನೆಯಿಂದ 10ರವರೆಗಿನ ಇಡಿಎಸ್‌ಎಸ್ ಅಳತೆಯಲ್ಲೂ 4ರಿಂದ ಮೇಲಕ್ಕೆ ನಡಿಗೆಗೇ ಹೆಚ್ಚು ಬೆಲೆ. ಕುಕ್ಕರಿನ ಮುಚ್ಚಳ ಹಾಕಲು ಪಡುವ ಪಾಡಿಗೆ ಅಲ್ಲಿ ಹೆಚ್ಚು ಜಾಗವಿಲ್ಲ.

ಕೈಯಲ್ಲಿ ಶಕ್ತಿ ಇಲ್ಲವೆಂದಲ್ಲ. ಬೆನ್ನುಹುರಿಯ ಕುತ್ತಿಗೆ ಭಾಗದಲ್ಲಿ ನರತಂತುಗಳ ಮೈಲಿನ್ ಹೊದಿಕೆ ಹಾಳಾಗಿದೆ. ಹಾಗಾಗಿ ಬೆರಳು ಎಲ್ಲಿದೆ, ಎಷ್ಟು ಬಿಗಿಯಾಗಿ ಹಿಡಿದಿದೆ ಎಂಬ ಸುದ್ದಿ ಮಿದುಳಿಗೆ ಸರಿಯಾಗಿ ತಲುಪುವುದಿಲ್ಲ. ನೋಡುತ್ತಿದ್ದರೆ ಲೋಟ ಕೈಯಲ್ಲಿ ನಿಲ್ಲುತ್ತದೆ. ಯಾರೋ ಕರೆದರೆಂದು ತಿರುಗಿದೆನೋ, ಕಾಫಿ ನೆಲದ ಪಾಲು. ಬ್ಯಾಗಿನೊಳಗೆ ಕೈ ಹಾಕಿದರೆ ಬೀಗದ ಕೈ ಯಾವುದು, ನಾಣ್ಯ ಯಾವುದು ತಿಳಿಯದು. ರಾತ್ರಿ ಕರೆಂಟ್ ಹೋದರೆ ನನ್ನ ಕೈಯೂ ಹೋಯಿತು.

‘ಚೆಂಡು ಹಿಸುಕಮ್ಮಾ, ಬಲ ಬರುತ್ತದೆ’ ಎಂದು ನೆಂಟರೆಲ್ಲ ಹೇಳಿದರು. ನನಗೆ ಬೇಕಿದ್ದುದು ಬಲವಲ್ಲ. ದಿನನಿತ್ಯದ ಕೆಲಸಗಳನ್ನು ಮಾಡಿಕೊಳ್ಳಲು ಕಲಿಸುವ ಆಕ್ಯುಪೇಷನಲ್ ಥೆರಪಿಸ್ಟ್ ಒಂಬತ್ತು ರಂಧ್ರಗಳ ಹಲಗೆಯೊಂದನ್ನು ಮುಂದಿಟ್ಟು, ಪುಟ್ಟ ಕಡ್ಡಿಗಳನ್ನು ಒಂದೊಂದಾಗಿ ಸಿಕ್ಕಿಸಿ ಮತ್ತೆ ತೆಗೆಯುವವರೆಗೆ ಗಡಿಯಾರ ನೋಡಿದರು. ಇದಕ್ಕೆ ಹಿಡಿಯುವ ಸಮಯದಲ್ಲಿ ಸುಮಾರು 20 ಶೇಕಡಾ ವ್ಯತ್ಯಾಸ ಕಂಡರೆ ಮಾತ್ರ ಕೈ ನಿಜಕ್ಕೂ ಬದಲಾಗಿದೆ ಎಂದು ಲೆಕ್ಕವಂತೆ. ದಿನದಿನದ ಏರಿಳಿತಕ್ಕೆ ಹೆದರುವುದನ್ನು ಅಂದಿನಿಂದ ಬಿಟ್ಟೆ.

ಅವರ ಸಲಹೆಯಂತೆ ಅಕ್ಕಿ ತುಂಬಿದ ಡಬ್ಬದಲ್ಲಿ ಗುಂಡಿಗಳನ್ನು ಹುದುಗಿಸಿ, ಕಣ್ಣು ಮುಚ್ಚಿ ಹುಡುಕುತ್ತೇನೆ. ಲಾಭ ಅಷ್ಟಕ್ಕಷ್ಟೆ. ಹೆಚ್ಚು ನೆರವಾದದ್ದು ಸಾಮಾನುಗಳ ಬದಲಾವಣೆ: ಪೆನ್ನಿಗೂ ಸೌಟಿಗೂ ದಪ್ಪ ಹಿಡಿ, ಲೋಟದ ಬದಲು ಹಿಡಿಯಿರುವ ಕಪ್, ರವಿಕೆಯ ಹುಕ್ಕುಗಳ ಜಾಗದಲ್ಲಿ ವೆಲ್ಕ್ರೋ. ಬಿಸಿ ಪಾತ್ರೆಯನ್ನು ಮೊದಲು ಎಡಗೈ ಮುಟ್ಟಿ ನೋಡಬೇಕು, ಬಲಗೈಯ ಮಾತನ್ನು ನಂಬುವಂತಿಲ್ಲ. ಮೈ ಬಿಸಿಯಾದರೆ ತೊಂದರೆ ಹೆಚ್ಚುವುದರಿಂದ ಬೇಸಿಗೆಯಲ್ಲಿ ತರಕಾರಿ ಹೆಚ್ಚುವ, ತುರಿಯುವ ಕೆಲಸವೆಲ್ಲ ಬಿಸಿಲೇರುವ ಮೊದಲೇ.

ಊಟದ್ದು ಬೇರೆಯೇ ಕತೆ. ಸಾರು ಅನ್ನ ಕಲಸುವವರೆಗೆ ಕಣ್ಣು ಕಾವಲಿಗಿರುತ್ತದೆ. ತುತ್ತು ಗಲ್ಲದ ಹತ್ತಿರ ಬಂದಾಗ ಬೆರಳು ಕಾಣುವುದಿಲ್ಲ. ಅಲ್ಲೇ ಸಡಿಲವಾಗಿ ಸೆರಗಿನ ಮೇಲೆ ಬೀಳುತ್ತದೆ. ಮೊಣಕೈಯನ್ನು ಮೇಜಿಗೆ ಊರಿ, ಅನ್ನವನ್ನು ಗಟ್ಟಿಯಾಗಿ ಕಲಸಿದರೆ ಪರವಾಗಿಲ್ಲ. ಮುದ್ದೆಯಾದರೆ ಯಾವ ಚಿಂತೆಯೂ ಇಲ್ಲ! ಮದುವೆ ಮನೆಯಲ್ಲಿ ಮಾತ್ರ ಸಂಕೋಚ ಬಿಟ್ಟು ಚಮಚ ಕೇಳುತ್ತೇನೆ.

ಸಹಿ ಹೊಂದುವುದಿಲ್ಲವೆಂದು ಬ್ಯಾಂಕೊಂದು ನನ್ನ ಚೆಕ್ಕನ್ನು ಹಿಂದಿರುಗಿಸಿದಾಗ, ಎರಡೇ ಅಕ್ಷರದ ಹೊಸ ಸಹಿ ನೋಂದಾಯಿಸಿದೆ. ಸಹಿ ಹಾಕಲೇ ಆಗದವರಿಗೆ ಹೆಬ್ಬೆಟ್ಟು ಒತ್ತಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ. ಬ್ಯಾಂಕಿಗೆ ಪರಿಚಯವಿರುವ ಇಬ್ಬರು ಸಾಕ್ಷಿಗಳು ಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಈ ಕಾಯಿಲೆಯ ಹೆಸರೂ ಇದೆ. ಅಂಗವೈಕಲ್ಯ ಪ್ರಮಾಣಪತ್ರದ ತಪಾಸಣೆಗೆ ಹೋಗುವವರು ಬರೀ ನಡೆದು ತೋರಿಸಿ ಬರಬೇಡಿ. ಅಂಗಿಯ ಗುಂಡಿ ಹಾಕಿ, ಬರೆದು ತೋರಿಸಿ, ‘ಕೈಯ ಕಷ್ಟವನ್ನೂ ದಾಖಲಿಸಿ’ ಎಂದು ಕೇಳಿ.