ಲ್ಯಾಟೆಕ್ಸೋ ಫೋಮೋ? ಮೊದಲು ಜಿಪ್ ತೆರೆದು ನೋಡಿ

ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೊಮ್ಮಗಳು ಹೋದ ವರ್ಷ ಫೋನ್ ಮಾಡಿದಳು. "ಅಜ್ಜಿ, ಹಾಸಿಗೆ ತಗೋಬೇಕು. 15,000 ರೂಪಾಯಿ ಎತ್ತಿಟ್ಟಿದ್ದೇನೆ. ಎಲ್ಲರೂ ಲ್ಯಾಟೆಕ್ಸೇ ಒಳ್ಳೇದು ಅಂತಾರೆ. ಫೋಮ್ ತಗೊಂಡ್ರೆ ಬೆನ್ನು ಹಾಳಾಗುತ್ತಾ?" ಅಂತ ಕೇಳಿದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹೊಸದಾಗಿ ಮನೆ ಹೂಡುವವರಿಗೆ ಉಪಯೋಗಕ್ಕೆ ಬರಲಿ.

ನಮ್ಮ ಮನೆ ಸುಳ್ಯದ ಕಡೆ. ಅಡಿಕೆ ತೋಟದ ಮೇಲಿನ ಗುಡ್ಡದಲ್ಲಿ ಸ್ವಲ್ಪ ರಬ್ಬರ್ ಇದೆ. ಬೆಳಗಿನ ಜಾವ ಮರದ ತೊಗಟೆ ಕೆತ್ತಿದರೆ ಗೆರಟೆಗೆ ಬಿಳಿ ಹಾಲು ಇಳಿಯುತ್ತದೆ ನೋಡಿ, ಅದೇ ಲ್ಯಾಟೆಕ್ಸ್. ಕಾರ್ಖಾನೆಯಲ್ಲಿ ಆ ಹಾಲನ್ನು ನೊರೆ ಬರಿಸಿ, ಅಚ್ಚಿಗೆ ಹೊಯ್ದು ಬೇಯಿಸುತ್ತಾರೆ. ಒಳಗಿನವರೆಗೂ ಬಿಸಿ ತಾಗಲಿ ಅಂತ ಅಚ್ಚಿನಲ್ಲಿ ಸಾಲಾಗಿ ಕಡ್ಡಿಗಳಿರುತ್ತವೆ. ಅದಕ್ಕೇ ಲ್ಯಾಟೆಕ್ಸ್ ಹಾಸಿಗೆಯ ತುಂಬಾ ತೂತುಗಳು. ಫೋಮ್ ಅನ್ನುವುದು ಪೆಟ್ರೋಲಿಯಂನಿಂದ ಬರುವ ರಾಸಾಯನಿಕಗಳಿಂದ ಆದದ್ದು. ದ್ರವಗಳನ್ನು ಬೆರೆಸಿದ ಕೂಡಲೇ ದೋಸೆ ಹಿಟ್ಟು ಉಕ್ಕಿದ ಹಾಗೆ ಉಬ್ಬಿ ದೊಡ್ಡ ದಿಮ್ಮಿ ಆಗುತ್ತದೆ. ಅದನ್ನು ಬೇಕಾದ ದಪ್ಪಕ್ಕೆ ಸೀಳುತ್ತಾರೆ.

ಅಪ್ಪಟ ಲ್ಯಾಟೆಕ್ಸ್ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಒತ್ತಿದರೆ ತಗ್ಗುತ್ತದೆ, ಬಿಟ್ಟರೆ ತಕ್ಷಣ ಮೇಲೆ ಬರುತ್ತದೆ. ಮಗ್ಗಲು ಬದಲಾಯಿಸುವುದು ಸುಲಭ. ಗಾಳಿ ಆಡುವುದರಿಂದ ಸೆಕೆ ಕಡಿಮೆ. ನೋಡಿಕೊಂಡರೆ ಫೋಮ್‌ಗಿಂತ ಜಾಸ್ತಿ ವರ್ಷ ಬರುತ್ತದೆ. ಆದರೆ 6 ಇಂಚು ಪೂರ್ತಿ ಲ್ಯಾಟೆಕ್ಸ್ ಇರುವ ಡಬಲ್ ಹಾಸಿಗೆ 15,000ಕ್ಕೆ ಎಲ್ಲಿ ಬರುತ್ತದೆ? ನಾವು ವಿಚಾರಿಸಿದ ಕಡೆಯೆಲ್ಲ ಅದರ ಎರಡು ಪಟ್ಟಿನ ಮೇಲೆಯೇ ಹೇಳಿದರು.

ಹಾಗಿದ್ದೂ ಒಂದು ಅಂಗಡಿಯಲ್ಲಿ 14,000ಕ್ಕೆ "ಲ್ಯಾಟೆಕ್ಸ್ ಹಾಸಿಗೆ" ಇತ್ತು. ಮೊಮ್ಮಗಳು ದುಡ್ಡು ಕೊಡುವುದರಲ್ಲಿದ್ದಳು. ನಾನು ಗವಸಿನ ಜಿಪ್ ತೆಗೆಸಿದೆ. ಮೇಲೆ ಒಂದೇ ಇಂಚು ಲ್ಯಾಟೆಕ್ಸ್. ಕೆಳಗೆ ಐದು ಇಂಚು ಬಣ್ಣಬಣ್ಣದ ಚೂರುಗಳನ್ನು ಅಂಟಿಸಿದ ಬಾಂಡೆಡ್ ಫೋಮ್. ಬಾಂಡೆಡ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಗಟ್ಟಿಯಾಗಿರುತ್ತದೆ, ಕೆಳಪದರಕ್ಕೆ ಆಗುತ್ತದೆ. ಆದರೆ ಫೋಮ್ ಕತ್ತರಿಸಿ ಉಳಿದ ಚೂರಿಗೆ ಲ್ಯಾಟೆಕ್ಸ್ ಬೆಲೆ ಕೊಡುವುದು ಯಾಕೆ? ಹಾಗಾಗಿ ಅಂಗಡಿಯಲ್ಲಿ ಮೊದಲು ಕೇಳಬೇಕಾದದ್ದು ಇದು. ಒಳಗೆ ಎಷ್ಟು ಪದರ? ಒಂದೊಂದೂ ಎಷ್ಟು ಇಂಚು, ಯಾವುದರದ್ದು? ಲ್ಯಾಟೆಕ್ಸ್ ಅಂದರೆ ಮರದ ಹಾಲಿನದೋ, ಕೃತಕ ರಬ್ಬರ್ ಬೆರೆಸಿದ್ದೋ? ಉತ್ತರವನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಜಿಪ್ ಇಲ್ಲದೆ ಪೂರ್ತಿ ಹೊಲಿದ ಹಾಸಿಗೆಯಾದರೆ ಪದರ ಕಾಣುವ ತುಂಡು ತೋರಿಸಲು ಹೇಳಿ.

ಆಮೇಲೆ ಡೆನ್ಸಿಟಿ. ಅಂಗಡಿಯವರು 28, 32, 40 ಅಂತ ಹೇಳುತ್ತಾರಲ್ಲ, ಅದು ಒಂದು ಘನ ಮೀಟರ್ ಫೋಮಿನ ತೂಕ, ಕಿಲೋ ಲೆಕ್ಕದಲ್ಲಿ. ಇದನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದು. 6 ಅಡಿ ಉದ್ದ, 3 ಅಡಿ ಅಗಲ, ಅರ್ಧ ಅಡಿ ದಪ್ಪದ ಸಿಂಗಲ್ ಹಾಸಿಗೆ ಸುಮಾರು ಕಾಲು ಘನ ಮೀಟರ್ ಆಗುತ್ತದೆ. ಅಂದರೆ 32 ಡೆನ್ಸಿಟಿ ಆದರೆ 8 ಕಿಲೋ, 40 ಆದರೆ 10 ಕಿಲೋ ತೂಗಬೇಕು. 6 ಅಡಿಗೆ 5 ಅಡಿಯ ಹಾಸಿಗೆ 40ರದ್ದಾದರೆ 17 ಕಿಲೋ. ಹಾಸಿಗೆ ಹಿಡಿದುಕೊಂಡು ತೂಕದ ಮೆಷಿನ್ ಮೇಲೆ ನಿಂತು, ನಿಮ್ಮ ತೂಕ ಕಳೆದರೆ ಆಯಿತು. 40 ಅಂತ ಕೊಟ್ಟದ್ದು ಸಿಂಗಲ್‌ಗೆ 6 ಕಿಲೋ ಮಾತ್ರ ಬಂದರೆ ಕೊಟ್ಟವರನ್ನು ಕೇಳಬೇಕು. ಅಷ್ಟೇ ಅಳತೆಯ ಲ್ಯಾಟೆಕ್ಸ್ ಫೋಮಿನ ಸುಮಾರು ದುಪ್ಪಟ್ಟು ತೂಗುತ್ತದೆ. ಬಾಂಡೆಡ್ ಕೂಡ ಹಾಗೇ ಭಾರ, ಅದಕ್ಕೇ ಬರೀ ತೂಕ ನೋಡಿದರೆ ಸಾಲದು, ಜಿಪ್ಪನ್ನೂ ತೆರೆಯಬೇಕು.

ಡೆನ್ಸಿಟಿ ಜಾಸ್ತಿ ಅಂದರೆ ಗಟ್ಟಿ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಿಲ್ಲ. ಡೆನ್ಸಿಟಿ ಹೇಳುವುದು ಎಷ್ಟು ಬಾಳಿಕೆ ಬರುತ್ತದೆ ಅನ್ನುವುದನ್ನು. ಮೆತ್ತಗಿದ್ದೂ 40 ಇರಬಹುದು, ಗಟ್ಟಿ ಇದ್ದೂ 28 ಇರಬಹುದು. 28ರದ್ದು ಅಂಗಡಿಯಲ್ಲಿ ಚೆನ್ನಾಗಿಯೇ ಕಾಣುತ್ತದೆ. ದಿನಾ ದೊಡ್ಡವರು ಮಲಗಿದರೆ ಸೊಂಟದ ಜಾಗದಲ್ಲಿ ಬೇಗ ಹೊಂಡ ಬೀಳುತ್ತದೆ. ಬಂದವರಿಗೆ ಹಾಸಲು ಅದು ಸಾಕು. ದಿನದ ಮಂಚಕ್ಕೆ 32ಕ್ಕಿಂತ ಕೆಳಗೆ ಹೋಗಬೇಡಿ, ಸಾಧ್ಯವಾದರೆ 40ರ ಎಚ್.ಆರ್. ಫೋಮ್ (ಹೈ ರೆಸಿಲಿಯನ್ಸ್, ಅಂದರೆ ಒತ್ತಿ ಬಿಟ್ಟರೆ ಬೇಗ ಮೇಲೆ ಬರುವಂಥದ್ದು) ತನ್ನಿ. 8 ಇಂಚಿನ ಅಗ್ಗದ ಫೋಮಿಗಿಂತ 5 ಇಂಚಿನ ಒಳ್ಳೆಯ ಫೋಮ್ ಎಷ್ಟೋ ಮೇಲು.

ಮೊಮ್ಮಗಳಿಗೆ ನಾನು ಕೊಡಿಸಿದ್ದು ಅದೇ. 40 ಡೆನ್ಸಿಟಿಯ ಫೋಮ್, 6 ಇಂಚು. ಮಿಕ್ಕಿದ ದುಡ್ಡು ಹಾಗೇ ಇಟ್ಟುಕೊಂಡು, ದೀಪಾವಳಿಯ ಬೋನಸ್ ಸೇರಿಸಿ, 2 ಇಂಚಿನ ಲ್ಯಾಟೆಕ್ಸ್ ಟಾಪರ್, ಅಂದರೆ ಹಾಸಿಗೆಯ ಮೇಲೆ ಹಾಸುವ ತೆಳು ಪದರ, ತಂದು ಹಾಸಿಕೊಂಡಳು. ಮೈಗೆ ತಾಗುವುದು ಲ್ಯಾಟೆಕ್ಸ್, ಭಾರ ಹೊರುವುದು ಫೋಮ್. ಕಡಿಮೆ ದುಡ್ಡಿನಲ್ಲಿ ಲ್ಯಾಟೆಕ್ಸ್ ಸುಖ ಬೇಕಾದವರಿಗೆ ನಾನು ಇದನ್ನೇ ಹೇಳುವುದು. ಬಾಡಿಗೆ ಮನೆಯವರಿಗಂತೂ ಇನ್ನೂ ಅನುಕೂಲ. ಪೂರ್ತಿ ಲ್ಯಾಟೆಕ್ಸ್‌ನ ಡಬಲ್ ಹಾಸಿಗೆ ಮೂವತ್ತು ಕಿಲೋ ದಾಟುತ್ತದೆ, ಹಿಡಿದರೆ ಹಾವಿನ ಹಾಗೆ ಜಾರುತ್ತದೆ. ಲಿಫ್ಟ್ ಇಲ್ಲದ ಮೂರನೇ ಮಹಡಿಗೆ ಅದನ್ನು ಹೊರುವುದು ಸುಮ್ನೆ ಮಾತಲ್ಲ. ಒಂದೇ ಎಚ್ಚರ, ಟಾಪರ್ ನಂಬಿಕೊಂಡು ಕೆಳಗೆ ಕಳಪೆ ಫೋಮ್ ಹಾಕಬೇಡಿ. ಕೆಳಗೆ ಹೊಂಡ ಬಿದ್ದರೆ ಮೇಲಿನದೂ ಅದರ ಜೊತೆಗೇ ಇಳಿಯುತ್ತದೆ.

ಮೆಮೊರಿ ಫೋಮ್ ಬಗ್ಗೆಯೂ ಕೇಳುತ್ತಾರೆ. ಮೈಯ ಬಿಸಿಗೆ ಮೆತ್ತಗಾಗಿ ಹೂತುಕೊಳ್ಳುವ ಫೋಮ್ ಅದು. ಮಂಗಳೂರು, ರಾಯಚೂರಿನ ಸೆಕೆಗೆ ನನಗೆ ಅದು ಸರಿ ಬರಲಿಲ್ಲ.

ಬೆನ್ನುನೋವಿಗೆ ಕಲ್ಲಿನಂಥ ಹಾಸಿಗೆಯೇ ಬೇಕು ಅಂತ ನಾವೆಲ್ಲ ಕೇಳುತ್ತಾ ಬೆಳೆದವರು. ನಮ್ಮ ಅಳಿಯ ಡಾಕ್ಟರು. 2003ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಸ್ಪೇನ್ ದೇಶದ ಅಧ್ಯಯನದ ವಿಷಯ ಅವರೇ ಹೇಳಿದ್ದು. ಹಳೆಯ ಬೆನ್ನುನೋವಿದ್ದ 313 ಜನರಲ್ಲಿ ಕೆಲವರಿಗೆ ಗಟ್ಟಿ ಹಾಸಿಗೆ, ಕೆಲವರಿಗೆ ಮಧ್ಯಮ ಗಟ್ಟಿಯದು ಕೊಟ್ಟು 90 ದಿನ ನೋಡಿದರಂತೆ. ಮಧ್ಯಮದ್ದರಲ್ಲಿ ಮಲಗಿದವರಿಗೇ ಹೆಚ್ಚು ಆರಾಮ ಸಿಕ್ಕಿತು. ಹಾಗಾಗಿ ಬೆನ್ನಿಗೆ ಒಳ್ಳೆಯದು ಅನ್ನುವ ಅರ್ಥದಲ್ಲಿ ಆರ್ಥೋ ಅಂತ ಬರೆದದ್ದಕ್ಕೆ ದುಡ್ಡು ಕೊಡಬೇಡಿ, ಮಲಗಿ ನೋಡಿ ಕೊಡಿ. ಅಂಗಡಿಯಲ್ಲಿ ಸಂಕೋಚ ಬೇಡ. ಚಪ್ಪಲಿ ಬಿಟ್ಟು, ನೀವು ದಿನಾ ಮಲಗುವ ಮಗ್ಗುಲಲ್ಲೇ ಹತ್ತು ನಿಮಿಷ ಮಲಗಿ. ಮನೆಯಲ್ಲಿ ವಯಸ್ಸಾದವರಿದ್ದರೆ ಅವರನ್ನು ಅಂಚಿನಲ್ಲಿ ಕೂರಿಸಿ. ಪಾದ ನೆಲಕ್ಕೆ ಊರಬೇಕು, ಅಂಚು ಕುಸಿಯಬಾರದು. ಹಳೆಯ ಮರದ ಮಂಚ ಮೊದಲೇ ಎತ್ತರ. ಅದರ ಮೇಲೆ 8 ಇಂಚಿನದು ಹಾಕಿದರೆ ರಾತ್ರಿ ಬಾತ್‌ರೂಮಿಗೆ ಏಳುವಾಗ ಬೀಳುವ ಭಯ. ರಬ್ಬರ್ ಕೈಗವಸು, ಬಲೂನು ತಾಗಿದರೆ ಮೈ ತುರಿಸುವವರು ಇದ್ದರೆ ಲ್ಯಾಟೆಕ್ಸ್ ತರುವ ಮೊದಲು ಡಾಕ್ಟರನ್ನು ಕೇಳಿ.

ಬಿಸಿಲಿನ ವಿಷಯ ನಮ್ಮ ವಯಸ್ಸಿನವರಿಗೇ ಹೇಳಬೇಕು. ಹತ್ತಿ ಹಾಸಿಗೆಯನ್ನು ಅಂಗಳದಲ್ಲಿ ಬಿಸಿಲಿಗೆ ಹಾಕಿ ಕೋಲಿನಲ್ಲಿ ಬಡಿಯುತ್ತಿದ್ದೆವಲ್ಲ, ಲ್ಯಾಟೆಕ್ಸ್‌ಗೆ ಅದನ್ನು ಮಾಡಲೇಬೇಡಿ. ನಮ್ಮ ರಬ್ಬರ್ ಶೀಟನ್ನು ತುಂಬಾ ದಿನ ಬಿಸಿಲಲ್ಲಿ ಬಿಟ್ಟರೆ ಅಂಟಂಟಾಗಿ ಹಾಳಾಗುತ್ತದೆ. ಹಾಸಿಗೆಯೂ ಅದೇ ಹಾಲಿನದ್ದಲ್ವಾ? ಬಿಸಿಲಿಗೆ ಗಡುಸಾಗಿ ಪುಡಿ ಉದುರುತ್ತದೆ. ಫೋಮ್ ಕೂಡ ಹಳದಿಯಾಗುತ್ತದೆ. ಗವಸು ತೆಗೆದು ಅದನ್ನು ಬಿಸಿಲಿಗೆ ಹಾಕಿ, ಹಾಸಿಗೆಯನ್ನು ನೆರಳಿನಲ್ಲಿ ಗಾಳಿಗೆ ನಿಲ್ಲಿಸಿ. ಹೊಸ ಹಾಸಿಗೆಯ ವಾಸನೆಯೂ ಹೀಗೆ ಗಾಳಿಗಿಟ್ಟರೆ ನಿಧಾನಕ್ಕೆ ಹೋಗುತ್ತದೆ.

ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಇನ್ನೊಂದು ಕಾಟ. ಇಡೀ ಪ್ಲೈವುಡ್ ಹಲಗೆಯ ಮೇಲೆ ಹಾಸಿಗೆ ಇಟ್ಟರೆ ಅಡಿಯಲ್ಲಿ ಬೂಷ್ಟು ಹಿಡಿಯುತ್ತದೆ. ನನ್ನ ಒಂದು ಒಳ್ಳೆಯ ಹಾಸಿಗೆ ಹಾಗೆ ಹೋಯಿತು, ಈಗಲೂ ಬೇಸರ. ಮಂಚಕ್ಕೆ ಪಟ್ಟಿಗಳಿರಲಿ, ನಡುವೆ ಮೂರು ಬೆರಳಿನಷ್ಟು ಸಂದು ಇರಲಿ. ಸಂದು ತೀರಾ ದೊಡ್ಡದಾದರೆ ಲ್ಯಾಟೆಕ್ಸ್ ಅದರೊಳಗೆ ಇಳಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಎತ್ತಿ ಗೋಡೆಗೆ ಒರಗಿಸಿ, ಫ್ಯಾನ್ ಹಾಕಿ. ಮೂರು ತಿಂಗಳಿಗೊಮ್ಮೆ ತಲೆಯ ಕಡೆಯನ್ನು ಕಾಲಿನ ಕಡೆಗೆ ತಿರುಗಿಸಿ.

ಆನ್‌ಲೈನಿನಲ್ಲಿ ತರುವುದಾದರೆ ಹಿಂದಿರುಗಿಸಲು ಎಷ್ಟು ದಿನ, ಯಾರು ಬಂದು ಒಯ್ಯುತ್ತಾರೆ, ದುಡ್ಡು ಪೂರ್ತಿ ಬರುತ್ತದೋ ಅಂತ ಮೊದಲೇ ಓದಿ. ಮಂಚದ ಒಳ ಅಳತೆಯನ್ನು ಟೇಪಿನಲ್ಲಿ ಎರಡು ಸಲ ಅಳೆಯಿರಿ. ಬಡಗಿ ಮಾಡಿದ ಹಳೆಯ ಮಂಚಗಳಿಗೆ ರೆಡಿ ಅಳತೆ ಕೂಡುವುದಿಲ್ಲ. ಬಂದ ದಿನವೇ ನೀರು ಇಳಿಯದ ಪ್ರೊಟೆಕ್ಟರ್ ಹಾಕಿ, ಕಲೆಯಾದರೆ ಅದನ್ನೇ ನೆಪ ಮಾಡಿ ವಾರಂಟಿ ಕೊಡುವುದಿಲ್ಲ. ವಾರಂಟಿ ಸಿಗುವುದು ಸಾಮಾನ್ಯವಾಗಿ ಇಂತಿಷ್ಟು ಇಂಚಿಗಿಂತ ಆಳ ಹೊಂಡ ಬಿದ್ದರೆ ಮಾತ್ರ. ಆ ಅಳತೆ ಎಷ್ಟೆಂದು ಕೇಳಿ ಬಿಲ್ಲಿನ ಹಿಂದೆ ಬರೆದಿಡಿ. ಸಂಶಯ ಬಂದಾಗ ಹಾಸಿಗೆಯ ಈ ಅಂಚಿನಿಂದ ಆ ಅಂಚಿಗೆ ಒಂದು ದಾರ ಬಿಗಿಯಾಗಿ ಎಳೆದು ಹಿಡಿಯಿರಿ. ಹೊಂಡದಲ್ಲಿ ಸ್ಕೇಲ್ ನಿಲ್ಲಿಸಿ, ದಾರ ಎಲ್ಲಿಗೆ ಬರುತ್ತದೆ ನೋಡಿ, ಫೋಟೊ ತೆಗೆದು ಬಿಲ್ಲಿನ ಜೊತೆ ಕಳಿಸಿ.