ಭೀಮಸೇನ ಜೋಶಿಯವರಿಗೂ ಚೆಂಡೆಗೂ ಒಂದೇ ಸ್ಪೀಕರ್: ನಾನು ಆರಿಸಿದ ಬಗೆ

ನಾನು ಧಾರವಾಡದವನು. ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ ಇಲ್ಲದೆ ನನಗೆ ಬೆಳಗಾಗುವುದಿಲ್ಲ. ಹೆಂಡತಿ ಉಡುಪಿ ಕಡೆಯವಳು. ಅವಳಿಗೆ ಯಕ್ಷಗಾನ ಬೇಕು, ಎಂ.ಎಸ್. ಸುಬ್ಬುಲಕ್ಷ್ಮಿ ಬೇಕು. ಪುಣೆಯಲ್ಲೇ ಹುಟ್ಟಿ ಬೆಳೆದ ಮಗನಿಗೆ ರಾಕ್, ಹಿಪ್‌ಹಾಪ್. ಪಿ.ಬಿ. ಶ್ರೀನಿವಾಸ್ ಹಾಡಿದ ಹಳೆಯ ಸಿನಿಮಾ ಹಾಡು ಮೂವರಿಗೂ ಇಷ್ಟ. ಪುಣೆಯ ಕೋಥ್ರೂಡ್ ಬಡಾವಣೆಯ ಫ್ಲ್ಯಾಟಿನಲ್ಲಿ ನಮಗಿರುವುದು 11 ಅಡಿ ಅಗಲ, 14 ಅಡಿ ಉದ್ದದ ಹಾಲ್. ಅದರಲ್ಲಿ ಒಂದೇ ಜೊತೆ ಸ್ಪೀಕರ್ ಇವೆಲ್ಲಕ್ಕೂ ನ್ಯಾಯ ಒದಗಿಸಬೇಕಿತ್ತು.

ಅಂಗಡಿಗೆ ಹೋಗಿ "ಎಲ್ಲಾ ಥರದ ಸಂಗೀತಕ್ಕೂ ಹೊಂದಬೇಕು" ಅಂದರೆ ಸಾಮಾನ್ಯವಾಗಿ ಅವರದೇ ಡೆಮೊ ಹಾಡು ಹಾಕುತ್ತಾರೆ. ಒಂದು ಹೆಣ್ಣುದನಿ, ಒಂದು ಗಿಟಾರ್, ಅಷ್ಟೆ. ಅಂಥ ರೆಕಾರ್ಡಿಂಗ್ ಯಾವ ಸ್ಪೀಕರಿನಲ್ಲಿ ಹಾಕಿದರೂ ಚೆನ್ನಾಗೇ ಕೇಳಿಸುತ್ತದೆ. ಹಾಗಾಗಿ ನಾನು ಮನೆಯಲ್ಲಿ ನಿಜವಾಗಿ ಕೇಳುವುದನ್ನೇ ಪೆನ್‌ಡ್ರೈವಿನಲ್ಲಿ ತುಂಬಿಕೊಂಡು ಹೋದೆ: ಹಳೆಯ ಮೊನೊ ರೆಕಾರ್ಡಿಂಗ್, ತಂಬೂರಿ ಮುಂದಿರುವ ಒಂದು ನಿಧಾನ ಖಯಾಲ್, ತಾಳಮದ್ದಳೆ, ಮಗನ ಹಾಡುಗಳು, ಒಂದಿಷ್ಟು ಪಿಯಾನೊ.

ನಾನು ಹಿಡಿದುಕೊಂಡ ನಿಯಮ ಒಂದೇ. ರೆಕಾರ್ಡಿಂಗ್ ಬದಲಾದ ಕೂಡಲೇ ಸದ್ದಿನ ಇಡೀ ಸ್ವಭಾವ ಬದಲಾಗಬೇಕು. 1960ರ ದಶಕದ ಸಿನಿಮಾ ಹಾಡು ಆ ಕಾಲದ್ದಾಗಿಯೇ ಕೇಳಿಸಬೇಕು, ಈಗಿನ ಸ್ಟುಡಿಯೊ ರೆಕಾರ್ಡಿಂಗ್ ಬೇರೆಯದೇ ಜಾಗದಿಂದ ಬಂದಂತಿರಬೇಕು. ಯಾವುದನ್ನು ಹಾಕಿದರೂ ಅದೇ ದಪ್ಪ ಬೇಸ್, ಅದೇ ಮಿಂಚು ಬರುತ್ತಿದ್ದರೆ ಆ ಸ್ಪೀಕರ್ ಎಲ್ಲದರ ಮೇಲೂ ತನ್ನ ಬಣ್ಣ ಬಳಿಯುತ್ತಿದೆ ಅಂತಲೇ ಲೆಕ್ಕ. ಆ ಬಣ್ಣ ಒಂದು ಬಗೆಯ ಸಂಗೀತಕ್ಕೆ ಸೊಗಸಾಗಿರಬಹುದು, ಇನ್ನೊಂದನ್ನು ಕೆಡಿಸಿಯೇ ಕೆಡಿಸುತ್ತದೆ. ರಾಕ್‌ಗೆ ಒಂದು ಸ್ಪೀಕರ್, ಶಾಸ್ತ್ರೀಯಕ್ಕೆ ಇನ್ನೊಂದು ಅನ್ನುವ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ.

ಎಲ್ಲಕ್ಕಿಂತ ಜಾಸ್ತಿ ಸಹಾಯ ಮಾಡಿದ್ದು ತಂಬೂರಿ. ನಮ್ಮ ಬಜೆಟ್ಟಿಗೆ ಸಿಗುವುದು ಹೆಚ್ಚಾಗಿ ಕೆಳಗಿನ ಸ್ವರಗಳಿಗೆ ಒಂದು ವೂಫರ್, ಮೇಲಿನವಕ್ಕೆ ಒಂದು ಟ್ವೀಟರ್ ಇರುವ ಸ್ಪೀಕರ್. ಸುಮಾರು 2ರಿಂದ 3 ಕಿಲೋಹರ್ಟ್ಜ್ (ಸೆಕೆಂಡಿಗೆ ಎರಡು-ಮೂರು ಸಾವಿರ ಕಂಪನ) ಹತ್ತಿರ ವೂಫರ್ ಕೈಯಿಂದ ಟ್ವೀಟರ್ ಕೈಗೆ ಸದ್ದು ದಾಟುತ್ತದೆ. ಇದನ್ನು ನೋಡಿಕೊಳ್ಳುವುದು ಒಳಗಿನ ಕ್ರಾಸ್‌ಓವರ್. ತಂಬೂರಿಯ ತಂತಿ ಮೀಟಿದಾಗ ಮೂಲ ಸ್ವರ ಕೆಳಗಿರುತ್ತದೆ, ತಂತಿಯ ಕೆಳಗೆ ಸಿಕ್ಕಿಸುವ ಜೀವಾಳಿ ದಾರದಿಂದ ಏಳುವ ಝೇಂಕಾರ ಈ ಗಡಿಯನ್ನು ದಾಟಿ ಮೇಲಕ್ಕೆ ಹೋಗುತ್ತದೆ. ಕ್ರಾಸ್‌ಓವರ್ ಸರಿಯಿಲ್ಲದಿದ್ದರೆ ತಂತಿ ಕೆಳಗೆಲ್ಲೋ, ಝೇಂಕಾರ ಮೇಲೆಲ್ಲೋ, ಎರಡು ವಾದ್ಯ ಇದ್ದ ಹಾಗೆ ಕೇಳಿಸುತ್ತದೆ. ಒಂದು ದುಬಾರಿ ಜೊತೆಯಲ್ಲಿ ನನಗೆ ಹೀಗೇ ಆಯಿತು. ಅದಕ್ಕಿಂತ ಅಗ್ಗದ ಇನ್ನೊಂದರಲ್ಲಿ ತಂಬೂರಿ ಇಡಿಯಾಗಿ ಒಂದೇ ಕಡೆ ಕೂತಿತ್ತು. ತಂಬೂರಿ ನಿಲ್ಲದೆ ನುಡಿಯುವ ವಾದ್ಯ, ಅಲ್ವಾ? ಅದರಲ್ಲಿ ಐಬಿದ್ದರೆ ಅರ್ಧ ಗಂಟೆಯಲ್ಲಿ ಕಿವಿ ದಣಿಯುತ್ತದೆ. ಐದು ನಿಮಿಷದ ಡೆಮೊದಲ್ಲಿ ಅದು ಗೊತ್ತಾಗುವುದಿಲ್ಲ, ಪಟ್ಟಾಗಿ ಕೂತೇ ಕೇಳಬೇಕು.

ಆಮೇಲೆ ದನಿ. ಗಂಗೂಬಾಯಿಯವರ ದನಿ ಗಂಡುದನಿಯಷ್ಟು ಗಡುಸು. ಬೇಸಿನ ಮೇಲ್ಭಾಗ ಉಬ್ಬಿದ ಸ್ಪೀಕರಿನಲ್ಲಿ ಅದು ಎದೆಯಿಂದ ಬರುವುದು ಬಿಟ್ಟು ಡಬ್ಬಿಯಿಂದ ಬರುತ್ತದೆ. ಟ್ರೆಬಲ್, ಅಂದರೆ ಮೇಲಿನ ಸ್ವರ, ಏರಿಸಿದ ಸ್ಪೀಕರಿನಲ್ಲಿ ಹಳೆಯ ರೆಕಾರ್ಡಿಂಗಿನ 'ಸುಸ್' ಅನ್ನುವ ಸದ್ದೇ ಮುಂದೆ ಬಂದು ನಿಲ್ಲುತ್ತದೆ, ಶೋರೂಮಿನಲ್ಲಿ ಅದು ಎಷ್ಟೇ ಸ್ಪಷ್ಟ ಅನ್ನಿಸಲಿ. ಬಿಬಿಸಿಯ ಇಂಜಿನಿಯರುಗಳು 1970ರ ದಶಕದಲ್ಲಿ ತಮ್ಮ ಹೊರಾಂಗಣ ಪ್ರಸಾರದ ವ್ಯಾನುಗಳಿಗೆ ಎಲ್ಎಸ್ 3/5ಎ ಅನ್ನುವ ಚಿಕ್ಕ ಸ್ಪೀಕರ್ ರೂಪಿಸಿದರು. ಅದರಲ್ಲಿ ಆಳವಾದ ಬೇಸ್ ಇಲ್ಲವೇ ಇಲ್ಲ. ಮನುಷ್ಯರ ದನಿ ಸಹಜವಾಗಿ ಬರುತ್ತದೆ ಅನ್ನುವ ಕಾರಣಕ್ಕೇ ಇವತ್ತಿಗೂ ಜನ ಅದನ್ನು ಹುಡುಕಿ ಕೊಳ್ಳುತ್ತಾರೆ. ದನಿ ಸರಿಯಿದ್ದರೆ ಉಳಿದದ್ದನ್ನು ಹೇಗಾದರೂ ಹೊಂದಿಸಬಹುದು, ದನಿ ಕೆಟ್ಟರೆ ಏನು ಮಾಡಿದರೂ ಆಗುವುದಿಲ್ಲ.

ಸಹಜ ಅಂದರೆ ಯಾವುದು ಅಂತ ಕಿವಿಗೆ ಮೊದಲು ಗೊತ್ತಿರಬೇಕು. ಪುಣೆಯಲ್ಲಿ ಸಂಗೀತಕ್ಕೆ ಬರವಿಲ್ಲ. ನಮ್ಮ ಕುಂದಗೋಳದವರಾದ ತಮ್ಮ ಗುರು ಸವಾಯಿ ಗಂಧರ್ವರ ನೆನಪಿಗೆ ಭೀಮಸೇನ ಜೋಶಿ 1953ರಲ್ಲಿ ಶುರು ಮಾಡಿದ ಉತ್ಸವ ಇಲ್ಲೇ ನಡೆಯುತ್ತದೆ. ಆದರೆ ಅಲ್ಲಿ ಕೇಳುವುದು ಮೈಕ್ ಮತ್ತು ದೊಡ್ಡ ಸ್ಪೀಕರುಗಳ ಮೂಲಕ. ನನ್ನ ಕಿವಿಗೆ ಅಳತೆಗೋಲು ಸಿಕ್ಕಿದ್ದು ಪರಿಚಯದವರ ಮನೆಯ ಬೈಠಕ್‌ಗಳಲ್ಲಿ, ಮೈಕಿಲ್ಲದ ಭಜನೆಗಳಲ್ಲಿ. ಪೇಟಿ, ತಬಲಾ, ತಾಳ ಎರಡು ಮಾರು ದೂರದಿಂದ ಹೇಗೆ ಕೇಳಿಸುತ್ತವೆ ಅನ್ನುವುದು ಅಲ್ಲಿ ತಲೆಯಲ್ಲಿ ಉಳಿಯುತ್ತದೆ.

ಎರಡು ಸ್ಪೀಕರ್ ಹೋಲಿಸುವಾಗ ಒಂದು ಎಚ್ಚರ ಬೇಕು. ಸ್ವಲ್ಪ ಜೋರಾಗಿರುವುದೇ ಕಿವಿಗೆ ಚೆನ್ನಾಗಿ ಅನ್ನಿಸುತ್ತದೆ. ಫೋನಿನಲ್ಲಿ ಡೆಸಿಬಲ್ ಅಳೆಯುವ ಆ್ಯಪ್ ಹಾಕಿಕೊಂಡು, ಪಿಂಕ್ ನಾಯ್ಸ್ ಅನ್ನುವ ಒಂದೇ ಸಮನೆ ಭೋರೆನ್ನುವ ಪರೀಕ್ಷಾ ಸದ್ದು ನುಡಿಸಿ, ಕೂರುವ ಜಾಗದಲ್ಲಿ ಎರಡನ್ನೂ 75ಕ್ಕೆ ತಂದು ಆಮೇಲೆ ಕೇಳುತ್ತಿದ್ದೆ. ಹೀಗೆ ಸಮ ಮಾಡಿದ ಮೇಲೆ ಎಷ್ಟೋ ಸ್ಪೀಕರುಗಳ ಮೋಡಿ ಇಳಿದುಹೋಯಿತು.

ಚೆಂಡೆಯ ಪರೀಕ್ಷೆ ಹೆಂಡತಿಯದು. ಪೆಟ್ಟು ಬಿದ್ದ ತಕ್ಷಣ ಸದ್ದು ಎದ್ದು ಅಷ್ಟೇ ಬೇಗ ನಿಲ್ಲಬೇಕು. ಒಂದು ಜೊತೆ ಕೇಳಿ ಅವಳು, "ಇದು ಚೆಂಡೆಯಾ ಮಾರಾಯ್ರೆ, ಡಬ್ಬ ಬಡಿದ ಹಾಗುಂಟಲ್ಲ?" ಅಂದಳು. ಅಲ್ಲಿಗೆ ಅದು ಪಟ್ಟಿಯಿಂದ ಹೊರಗೆ. ಇಲ್ಲಿ ಆಂಪ್ಲಿಫೈಯರಿನ ಲೆಕ್ಕವೂ ಬರುತ್ತದೆ. ಸೆನ್ಸಿಟಿವಿಟಿ 86 ಡೆಸಿಬಲ್ ಅಂದರೆ 1 ವಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಅಷ್ಟು ಸದ್ದು. ಅಲ್ಲಿಂದ ಪ್ರತಿ 3 ಡೆಸಿಬಲ್‌ಗೂ ಪವರ್ ದುಪ್ಪಟ್ಟು ಬೇಕು. 89ಕ್ಕೆ 2 ವಾಟ್, 92ಕ್ಕೆ 4. ಹೀಗೇ ಹೋದರೆ 101ಕ್ಕೆ 32 ವಾಟ್. ಚೆಂಡೆಯ ಒಂದೊಂದು ಪೆಟ್ಟು ಕ್ಷಣಕ್ಕೆ ಇಷ್ಟನ್ನು ಎಳೆಯಬಲ್ಲದು. ಅದಕ್ಕೇ ಮೊದಲು ಸ್ಪೀಕರ್ ಗೊತ್ತು ಮಾಡಿ, ಆಮೇಲೆ ಅದಕ್ಕೆ ತಕ್ಕ ಆಂಪ್ ಕೊಂಡೆ.

ಕೊನೆಗೆ ಮನೆಗೆ ಬಂದದ್ದು ಆರೂವರೆ ಇಂಚಿನ ವೂಫರ್ ಇರುವ ಬುಕ್‌ಶೆಲ್ಫ್ (ಚಿಕ್ಕ ಪೆಟ್ಟಿಗೆಯ) ಸ್ಪೀಕರ್, ಸೆನ್ಸಿಟಿವಿಟಿ 87 ಡೆಸಿಬಲ್. ಬೇಸ್ ಹೊರಬರುವ ತೂತು (ಬೇಸ್ ಪೋರ್ಟ್) ಮುಂದಕ್ಕಿದೆ, ಯಾಕೆಂದರೆ ನಮ್ಮ ಹಾಲ್‌ನಲ್ಲಿ ಸ್ಪೀಕರನ್ನು ಗೋಡೆಯಿಂದ ಹೆಚ್ಚು ದೂರ ಇಡಲು ಜಾಗವಿಲ್ಲ. ಮಾಡೆಲ್ ಹೆಸರು ಬೇಕಂತಲೇ ಬರೆದಿಲ್ಲ. ನಿಮ್ಮ ಹಾಲ್ ಬೇರೆ, ನಿಮ್ಮ ಹಾಡು ಬೇರೆ.

ಹಾಲ್ ಅಂದೆನಲ್ಲ, ಬೇಸಿನ ಅರ್ಧ ಹಣೆಬರಹ ಬರೆಯುವುದು ಅದೇ. 14 ಅಡಿ ಉದ್ದಕ್ಕೆ ಸುಮಾರು 40 ಹರ್ಟ್ಜ್, 11 ಅಡಿ ಅಗಲಕ್ಕೆ ಸುಮಾರು 51 ಹರ್ಟ್ಜ್ ಹತ್ತಿರ ಸದ್ದು ಗೋಡೆಗಳ ನಡುವೆ ಸಿಕ್ಕಿ ಮೊರೆಯುತ್ತದೆ. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ 41 ಹರ್ಟ್ಜ್, ಹಾಗಾಗಿ ಒಂದೇ ಒಂದು ಸ್ವರ ಮಾತ್ರ ಗುಂಯ್ ಅಂತ ಎದ್ದು ಬರುತ್ತಿತ್ತು. ಗೋಡೆಗೆ ಒತ್ತಿಕೊಂಡಿದ್ದ ಸೋಫಾವನ್ನು ಒಂದೂವರೆ ಅಡಿ ಮುಂದಕ್ಕೆ ಎಳೆದೆವು. ಗೋಡೆಯ ಬಳಿ ಬೇಸ್ ಅತಿ ಜಾಸ್ತಿ, ಹಾಲ್‌ನ ನಟ್ಟನಡುವೆ ಅದೇ ಸ್ವರ ಮಾಯ. ಎರಡರ ಮಧ್ಯೆ ಎಲ್ಲೋ ಹದ ಸಿಗುತ್ತದೆ. ಟೈಲ್ಸ್ ನೆಲಕ್ಕೆ ನವಲಗುಂದದ ಜಮಖಾನೆ ಹಾಸಿ, ಕಿಟಕಿಗೆ ದಪ್ಪ ಪರದೆ ಕಟ್ಟಿದ ಮೇಲೆ ತಾಳದ ಚುರುಕು ಕಿವಿಗೆ ಚುಚ್ಚುವುದು ನಿಂತಿತು. ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ, ಒಳಗೆ ಒಣ ಮರಳು ತುಂಬಿ, ಟ್ವೀಟರ್ ಕೂತವರ ಕಿವಿಯ ಮಟ್ಟಕ್ಕೆ ಬರುವಂತೆ ನಿಲ್ಲಿಸಿದೆ. ವೈರ್ ಪುಣೆಯ ಎಲೆಕ್ಟ್ರಿಕಲ್ ಪೇಟೆಯಾದ ತಪಕೀರ್ ಗಲ್ಲಿಯಲ್ಲಿ ಕೊಂಡ 14 ಗೇಜಿನ ಸಾದಾ ತಾಮ್ರದ್ದು. ನಾಲ್ಕು ಮೀಟರ್ ದೂರಕ್ಕೆ ಅದಕ್ಕಿಂತ ದುಬಾರಿಯದು ಬೇಕಿಲ್ಲ.

ಮಗನ ಹಿಪ್‌ಹಾಪಿನ ಅತಿ ಕೆಳಗಿನ ಬೇಸ್ ಮಾತ್ರ ಈ ಪೆಟ್ಟಿಗೆಗಳಲ್ಲಿ ಪೂರ್ತಿ ಬರುವುದಿಲ್ಲ. ಅದಕ್ಕಾಗಿ ಮುಖ್ಯ ಸ್ಪೀಕರನ್ನು ಬದಲಿಸುವ ಬದಲು ಆಮೇಲೆ ಒಂದು ಚಿಕ್ಕ ಸಬ್‌ವೂಫರ್ ಸೇರಿಸಿದೆವು. 60 ಹರ್ಟ್ಜ್‌ಗಿಂತ ಕೆಳಗಿನದಷ್ಟೇ ಅದರ ಪಾಲು. ಖಯಾಲ್ ಕೇಳುವಾಗ ಅದು ಆಫ್, ಕೆಳಗಿನ ಫ್ಲ್ಯಾಟಿನವರು ಮನೆಯಲ್ಲಿದ್ದಾಗ ಅರ್ಧಕ್ಕೆ.