ಕಳೆದುಹೋದ 34 ಕಿಡ್ನಿ ರೋಗಿಗಳು ಸಿಕ್ಕಿದ್ದು ಹೀಗೆ

ಕಿಡ್ನಿ ಕಸಿ ಆದವರನ್ನು ಐದು ವರ್ಷ ಬಿಡದೆ ಗಮನಿಸುವುದು ಮುಂಬೈಯಲ್ಲಿ ಆಗದ ಕೆಲಸ ಅಂತ ಹೇಳಿದವರು ಒಬ್ಬಿಬ್ಬರಲ್ಲ. ಡೊಂಬಿವಲಿಯಲ್ಲಿದ್ದವರು ಊರಿಗೆ ಹೋಗುತ್ತಾರೆ, ಫೋನ್ ನಂಬರ್ ಬದಲಾಗುತ್ತದೆ, ಅಲ್ಲಿಗೆ ಮುಗಿಯಿತು. ನಮ್ಮ ಆಸ್ಪತ್ರೆಯ ಕಸಿ ರಿಜಿಸ್ಟರಿನಲ್ಲಿ ಹೆಚ್ಚುಕಮ್ಮಿ 140 ಹೆಸರು. ಅದರಲ್ಲಿ 34 ಮಂದಿಯ ಮುಂದೆ ‘ಸಂಪರ್ಕ ಇಲ್ಲ’ ಅಂತ ಬರೆದಿತ್ತು. ಈಗ ಹಾಗೆ ಉಳಿದಿರುವುದು ಐದೇ ಹೆಸರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಓದುವವರು ಹೆಚ್ಚಾಗಿ ಇದೇ ಕೆಲಸದಲ್ಲಿರುವವರು ಅಂದುಕೊಂಡಿದ್ದೇನೆ, ಹೊಸಬರಿಗೆ ಇಷ್ಟು ಸಾಕು: ಟ್ಯಾಕ್ರೋ ಅಂದರೆ ಕಸಿಯ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ ದಿನವೂ ನುಂಗುವ ಟ್ಯಾಕ್ರೋಲಿಮಸ್ ಮಾತ್ರೆ, ರಕ್ತದಲ್ಲಿ ಅದರ ಪ್ರಮಾಣವೇ ‘ಲೆವೆಲ್’. ಕ್ರಿಯಾಟಿನಿನ್ ಕಿಡ್ನಿಯ ಕೆಲಸ ತೋರಿಸುವ ರಕ್ತಪರೀಕ್ಷೆ, ಅಂಕಿ ಏರಿದರೆ ಕಿಡ್ನಿ ಸೋಲುತ್ತಿದೆ ಅಂತ.

ಮೊದಲು ಕಾಗದ ಬರೆದೆ. ರಿಜಿಸ್ಟರ್ಡ್ ಪೋಸ್ಟ್, 34 ಲಕೋಟೆ. 19 ವಾಪಸ್ ಬಂದವು, ಉಳಿದವು ಎಲ್ಲಿ ಹೋದವೋ. ಆಮೇಲೆ ಸಂಪರ್ಕದಲ್ಲಿದ್ದವರನ್ನೇ ಸೇರಿಸಿ ವಾಟ್ಸಾಪ್ ಗ್ರೂಪ್ ಮಾಡಿದೆ, ಒಬ್ಬರಿಗೆ ಇನ್ನೊಬ್ಬರ ಗುರುತು ಇರುತ್ತದಲ್ಲ ಅಂತ. ಒಬ್ಬರು ತಮ್ಮ ಕ್ರಿಯಾಟಿನಿನ್ 2.4 ಬಂದ ರಿಪೋರ್ಟ್ ಹಾಕಿದರು. ಆ ರಾತ್ರಿ ಹನ್ನೊಂದರವರೆಗೆ ನನಗೆ ಫೋನೋ ಫೋನು. ಮೂರನೇ ವಾರ ಯಾರೋ ಕಿಡ್ನಿಗೆ ಬೇರಿನ ಕಷಾಯ ಕುಡಿಯಿರಿ ಅಂತ ಬರೆದರು. ಅವತ್ತೇ ಗ್ರೂಪ್ ಮುಚ್ಚಿದೆ.

ದುಡ್ಡು ಹೋಗಿದ್ದು ಮೂರನೇ ತಪ್ಪಿನಲ್ಲಿ. ಊರಲ್ಲಿರುವವರು ಅಲ್ಲೇ ಕ್ರಿಯಾಟಿನಿನ್ ಮಾಡಿಸಲಿ ಅಂದೆವು. ಯಾದಗಿರಿಯ ಒಬ್ಬರಿಗೆ 1.4 ಇದ್ದದ್ದು 1.7 ಬಂತು. ರಿಜೆಕ್ಷನ್, ಅಂದರೆ ದೇಹ ಕಿಡ್ನಿಯನ್ನು ತಿರಸ್ಕರಿಸುತ್ತಿರಬಹುದು ಅಂತ ರಾತ್ರೋರಾತ್ರಿ ರೈಲು ಹತ್ತಿಸಿದೆವು. ಇಲ್ಲಿ ನೋಡಿದರೆ ಅದೇ 1.4. ಆ ಲ್ಯಾಬಿನಲ್ಲಿ ಅಳೆಯುವುದು ಜಾಫೆ ವಿಧಾನದಲ್ಲಿ, ನಮ್ಮಲ್ಲಿ ಎಂಜೈಮ್ ವಿಧಾನದಲ್ಲಿ, ಒಂದೇ ರಕ್ತಕ್ಕೂ ಎರಡರ ಅಂಕಿ ಬೇರೆ ಬರಬಹುದು. ಅವರದು ಎರಡು ದಿನದ ಕೂಲಿ ಹೋಯಿತು, ನಮ್ಮದು ಹೋಗಿಬರುವ ಖರ್ಚು. ಅಂದಿನಿಂದ ಒಂದೇ ನಿಯಮ: ಒಬ್ಬರಿಗೆ ಒಂದೇ ಲ್ಯಾಬ್. ಟ್ಯಾಕ್ರೋ ಲೆವೆಲ್‌ಗೆ ಮಾತ್ರ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತವನ್ನು ಕೊರಿಯರ್‌ನಲ್ಲಿ ತರಿಸುತ್ತೇವೆ, ಅದು ಒಂದೆರಡು ದಿನಕ್ಕೆ ಕೆಡುವುದಿಲ್ಲ.

ಕೊನೆಗೆ ಕೈಹಿಡಿದದ್ದು ರಾತ್ರಿ ಒಂಬತ್ತರ ಫೋನ್. ಮಾತ್ರೆ ನುಂಗುವ ಹೊತ್ತು ಅದು. ಆಸ್ಪತ್ರೆಯ ಲ್ಯಾಂಡ್‌ಲೈನಿಂದ ಹಗಲು ಮಾಡಿದರೆ ಯಾರೂ ಎತ್ತುತ್ತಿರಲಿಲ್ಲ, ಬಿಲ್ ಕೇಳ್ತಾರೆ ಅನ್ನೋ ಭಯ. ಹಳೆ ಕೇಸ್ ಪೇಪರ್ ತಿರುವಿ, ದಾನ ಕೊಟ್ಟ ತಾಯಿ, ರಕ್ತ ಕೊಟ್ಟ ಮೈದುನ, ಡಿಸ್ಚಾರ್ಜ್ ದಿನ ಸಹಿ ಮಾಡಿದ ಹೋಟೆಲ್ ಮಾಲೀಕರು, ಹೀಗೆ ನಂಬರ್ ಹೆಕ್ಕಿದೆ. ರೋಗಿಗಳ ಹಿತ, ಗುಟ್ಟು ಕಾಯುವ ಎಥಿಕ್ಸ್ ಕಮಿಟಿಯ ಒಪ್ಪಿಗೆ ಸಿಗಲು ನಾಲ್ಕು ತಿಂಗಳಾಯಿತು, ಅದಿಲ್ಲದೆ ಯಾರೂ ಈ ಕೆಲಸಕ್ಕೆ ಕೈಹಾಕಬೇಡಿ. ಕುಂದಾಪುರದವರ ಹತ್ತಿರ ಅವರ ಮಾತಲ್ಲಿ, ಕಲಬುರಗಿಯವರ ಹತ್ತಿರ ಅವರ ಮಾತಲ್ಲಿ ಶುರು ಮಾಡುತ್ತೇನೆ. ಮೊದಲ ಫೋನಿನಲ್ಲಿ ಆಸ್ಪತ್ರೆಗೆ ಬನ್ನಿ ಅನ್ನುವುದೇ ಇಲ್ಲ. ಮಾತ್ರೆ ತಪ್ಪಿದ್ದನ್ನು ಬಾಯಿಬಿಡಿಸಲು ನನ್ನದೇ ಒಂದು ಪ್ರಶ್ನೆ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಎಲ್ಲರೂ ಅದನ್ನೇ ಕೇಳತೊಡಗಿದರೆ ಅದಕ್ಕೂ ರೆಡಿ ಉತ್ತರ ಹುಟ್ಟಿಕೊಳ್ಳುತ್ತದೆ.

ಈ ಫೋನಿಂದ ಒಂದು ಕಿಡ್ನಿ ಉಳಿದಿದೆ ಅಂತ ಧೈರ್ಯವಾಗಿ ಹೇಳುತ್ತೇನೆ. ಕಲಬುರಗಿ ಕಡೆಯ ಒಬ್ಬರು, ಗೌಂಡಿ ಕೆಲಸ. ‘ಗುಳಿಗಿ ತಗೊಂಡೀನ್ರೀ ಅಕ್ಕಾರ, ಎಲ್ಲಾ ಆರಾಮ’ ಅಂದರು. ಫೋನ್ ಇಡುವಾಗ ಮೆಲ್ಲಗೆ, ‘ಉಚ್ಚಿ ಒಂದ ಕೆಂಪಗ ಬರಾಕತ್ತೇತ್ರಿ’ ಅಂದರು. ರಕ್ತವೋ, ಬಣ್ಣವೋ? ಹೊಸ ಮಾತ್ರೆ ಏನಾದರೂ ಶುರು ಆಗಿದೆಯಾ ಅಂತ ಕೇಳಿದೆ. ಕೆಮ್ಮಿಗೆ ಅಂತ ಊರಲ್ಲಿ ಟಿಬಿ ಮಾತ್ರೆ ಕೊಟ್ಟಿದ್ದರು, ಅದರಲ್ಲಿ ರಿಫಾಂಪಿಸಿನ್. ಉಚ್ಚೆ ಕೆಂಪಾಗಿಸುವುದೂ ಅದೇ, ಟ್ಯಾಕ್ರೋವನ್ನು ಬೇಗ ಒಡೆದು ಲೆವೆಲ್ ಇಳಿಸುವುದೂ ಅದೇ. ಕಸಿಯ ವಿಷಯ ಇವರೂ ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ. ರಕ್ತ ತರಿಸಿದರೆ ಟ್ಯಾಕ್ರೋ 1.5ರ ಆಸುಪಾಸು, ಕ್ರಿಯಾಟಿನಿನ್ 2.8. ನಮ್ಮ ಡಾಕ್ಟರ್ ಅದನ್ನು, ಲೆವೆಲ್ ಅಷ್ಟು ಇಳಿಸದ ರಿಫಾಬ್ಯುಟಿನ್‌ಗೆ ಬದಲಾಯಿಸಿದರು, ಟ್ಯಾಕ್ರೋ ಡೋಸ್ ಏರಿಸಿದರು. ಈಗ ಕ್ರಿಯಾಟಿನಿನ್ 1.6ಕ್ಕೆ ನಿಂತಿದೆ.

ಇನ್ನೊಂದು ವಿಷಯ, ಟ್ಯೂಬಿನ ಮೇಲೆ ಕೊನೆಯ ಮಾತ್ರೆ ನುಂಗಿದ ಗಂಟೆ ಬರೆಯಿಸಿ. ಡೊಂಬಿವಲಿಯ ಹೋಟೆಲಿನಲ್ಲಿ ದೋಸೆ ಹುಯ್ಯುವ ಒಬ್ಬರಿಗೆ ಟ್ಯಾಕ್ರೋ ಲೆವೆಲ್ ಒಮ್ಮೆ 19, ಇನ್ನೊಮ್ಮೆ 6. ಡೋಸ್ ಇಳಿಸುವ ಮಾತು ನಡೆದಿತ್ತು. ಕೇಳಿದರೆ, ಮಾತ್ರೆ ತಪ್ಪಬಾರದು ಅಂತ ಬೆಳಿಗ್ಗೆ ಚಹಾದ ಜೊತೆ ನುಂಗಿ ರಕ್ತ ಕೊಡಲು ಬಂದಿದ್ದರು. ಲೆವೆಲ್‌ಗೆ ರಕ್ತ ಕೊಡಬೇಕಾದದ್ದು ಮಾತ್ರೆಗೆ ಮುಂಚೆ. ಪಾಪ, ಅವರ ಶ್ರದ್ಧೆಯೇ ಲೆಕ್ಕ ತಪ್ಪಿಸಿತ್ತು.

ಮಧ್ಯೆ ಸುಮ್ನೆ ಕೂರದೆ ಬೆರಳು ಚುಚ್ಚಿ ಕಾಗದದ ಮೇಲೆ ರಕ್ತ ಒಣಗಿಸಿ ಕಳಿಸುವುದನ್ನೂ ನೋಡಿದೆ. ಜುಲೈ ತಿಂಗಳ ಮುಂಬೈಯಲ್ಲಿ ಬಟ್ಟೆಯೇ ಒಣಗುವುದಿಲ್ಲ, ಆ ಕಾರ್ಡ್ ಒಣಗುತ್ತದಾ? ಬಿಟ್ಟೆ. ಗಣಪತಿ ಹಬ್ಬದ ಹೊತ್ತಿಗೆ ಇಬ್ಬರ ಲೆವೆಲ್ ಏರಿದ್ದು ನೋಡಿ ಚಕ್ಕೋತದ ಬೆನ್ನು ಹತ್ತಿದೆ, ಇಲ್ಲಿ ಪಪನಸ ಅಂತ ದೇವರ ಮುಂದೆ ಇಡುತ್ತಾರಲ್ಲ, ಅದೇ. ಗ್ರೇಪ್‌ಫ್ರೂಟ್ ಜಾತಿಯದು, ಟ್ಯಾಕ್ರೋವನ್ನು ಕರುಳಿನಲ್ಲಿ ಒಡೆಯುವ ಕಿಣ್ವವನ್ನು ತಡೆಯುತ್ತದೆ. ಇಬ್ಬರೂ ತಿಂದಿದ್ದರು. ಇಬ್ಬರಿಂದ ಏನೂ ಸಾಬೀತಾಗುವುದಿಲ್ಲ, ಆದರೆ ಈಗ ಚೌತಿಗೆ ಮುಂಚೆ ಎಲ್ಲರಿಗೂ ಫೋನ್ ಮಾಡಿ ಪ್ರಸಾದಕ್ಕೂ ತಿನ್ನಬೇಡಿ ಅನ್ನುತ್ತೇನೆ.

ಖರ್ಚು? ಎರಡು ವರ್ಷಕ್ಕೆ ಎರಡು ಲಕ್ಷದ ಮೇಲೆ ಸ್ವಲ್ಪ, ಅದರಲ್ಲಿ ಮುಕ್ಕಾಲು ಲೆವೆಲ್ ಪರೀಕ್ಷೆಗೇ. ಮನೆಮನೆಗೆ ಜನ ಕಳಿಸುವ ಯೋಜನೆಗೆ ಒಂಬತ್ತು ಲಕ್ಷ ಕೇಳಿದ್ದೆವು, ಸಿಗಲಿಲ್ಲ.

ಸಿಕ್ಕ 29 ಮಂದಿಯಲ್ಲಿ 11 ಜನರ ಕಿಡ್ನಿ ಚೆನ್ನಾಗಿದೆ. 8 ಜನ ಮತ್ತೆ ಡಯಾಲಿಸಿಸ್‌ನಲ್ಲಿದ್ದಾರೆ. 10 ಜನ ಇಲ್ಲ, ಅವರಲ್ಲಿ ಆರು ಮಂದಿ ಹೋಗುವಾಗ ಕಿಡ್ನಿ ಕೆಲಸ ಮಾಡುತ್ತಲೇ ಇತ್ತು, ಹೃದಯವೋ ಸೋಂಕೋ ಕೊಂಡೊಯ್ದಿತು. ಮುಂಚೆ ಇವರನ್ನೆಲ್ಲ ಕೊನೆಯ ಭೇಟಿಯ ದಿನಕ್ಕೆ ಲೆಕ್ಕದಿಂದ ಬಿಟ್ಟಿದ್ದೆವು, ಹಾಗಾಗಿ ಐದು ವರ್ಷಕ್ಕೆ ಕಿಡ್ನಿ ಉಳಿದವರ ಅಂಕಿ ಶೇಕಡಾ 90ರ ಹತ್ತಿರ ಕಾಣುತ್ತಿತ್ತು. ಸಾವನ್ನೂ ಸೇರಿಸಿದರೆ ಈಗ 78. ಬರದೆ ಇದ್ದವರು ಚೆನ್ನಾಗಿದ್ದಾರೆ ಅಂದುಕೊಂಡಿದ್ದೇ ತಪ್ಪಾಗಿತ್ತು. ಅಂಕಿ ಇಳಿಯಿತು ಅಂತ ಕೆಲವರಿಗೆ ಬೇಜಾರಾಯಿತು. ನನಗೆ ಆಗಲಿಲ್ಲ.

ಉಳಿದ ಐವರಲ್ಲಿ ಒಬ್ಬರ ಅಳಿಯ ಥಾಣೆ ಸ್ಟೇಷನ್ ಹತ್ತಿರ ಎಳನೀರು ಮಾರುತ್ತಾರಂತೆ. ಭಾನುವಾರ ಹೋಗಿಬರುತ್ತೇನೆ.